ಬೀಜದ ಚೈತನ್ಯದ ಅಂಕ ಏರುಪೇರಾದಾಗ: ಚಿತ್ರ ವಿಶ್ಲೇಷಣೆಯಲ್ಲಿ ದೋಷ ಪತ್ತೆ ಮತ್ತು ನಿವಾರಣೆ

ಮೊಳಕೆ ಪರೀಕ್ಷೆಯಲ್ಲಿ ಶೇ. 90ಕ್ಕೂ ಹೆಚ್ಚು ಬಂದಿದ್ದ ಲಾಟೊಂದಕ್ಕೆ (ಒಟ್ಟಿಗೆ ಪರೀಕ್ಷಿಸುವ ಒಂದೇ ಬೀಜರಾಶಿಗೆ) ಚಿತ್ರ ವಿಶ್ಲೇಷಣೆಯ ತಂತ್ರಾಂಶವು ತೀರಾ ಕೆಳಮಟ್ಟದ ಚೈತನ್ಯದ, ಅಂದರೆ ಬೇಗ ಮೊಳೆತು ಸಮನಾಗಿ ಬೆಳೆಯುವ ಕಸುವಿನ, ಅಂಕ ಕೊಡುತ್ತದೆ. ಅಥವಾ ಕಳೆದ ವಾರ ಚೆನ್ನಾಗಿದ್ದ ಲಾಟೇ ಈ ವಾರ ಏಕಾಏಕಿ ಕುಸಿಯುತ್ತದೆ. ಅಥವಾ ಕೈಯಿಂದ ಅಳೆದ ಬೇರಿನ ಉದ್ದಕ್ಕೂ ಪರದೆಯ ಮೇಲಿನ ಉದ್ದಕ್ಕೂ ತಾಳೆಯಾಗುವುದೇ ಇಲ್ಲ. ಬೀಜ ಪರೀಕ್ಷೆಯಲ್ಲಿ ಸ್ಕ್ಯಾನರ್ ಇಲ್ಲವೇ ಕ್ಯಾಮೆರಾ ಬಳಸುವವರಿಗೆ ಈ ತೊಂದರೆಗಳು ಒಂದಲ್ಲ ಒಂದು ದಿನ ಎದುರಾಗುತ್ತವೆ. ಆಗ ಹಲವರು ಮಾಡುವ ಮೊದಲ ಕೆಲಸವೆಂದರೆ ತಂತ್ರಾಂಶದ ಮಿತಿಮೌಲ್ಯವನ್ನು (ಎಷ್ಟು ಹೊಳಪಿನವರೆಗೆ ಹಿನ್ನೆಲೆ, ಎಲ್ಲಿಂದ ಸಸಿ ಎಂದು ಬೇರ್ಪಡಿಸುವ ಗಡಿಯನ್ನು) ಸ್ವಲ್ಪ ಮೇಲೆ ಕೆಳಗೆ ಮಾಡಿ, ಅಂಕ ನಂಬುವಂತೆ ಕಂಡ ಕಡೆ ನಿಲ್ಲಿಸುವುದು. ಇದರಿಂದ ಆ ದಿನದ ವರದಿ ಹೊರಬೀಳುತ್ತದೆ, ದೋಷ ಮಾತ್ರ ಒಳಗೇ ಉಳಿಯುತ್ತದೆ. ತಪ್ಪು ಚಿತ್ರದಲ್ಲಿದೆಯೇ, ಅಳತೆಯಲ್ಲಿದೆಯೇ, ಮೊಳಕೆಗೆ ಇಟ್ಟ ಬಗೆಯಲ್ಲಿದೆಯೇ, ಇಲ್ಲವೇ ಬೀಜದಲ್ಲೇ ಇದೆಯೇ ಎಂಬುದನ್ನು ಇದೇ ಅನುಕ್ರಮದಲ್ಲಿ ಹುಡುಕಿಕೊಂಡು ಹೋಗಬೇಕೆಂಬುದು ಹಲವು ವರ್ಷ ಈ ಕೆಲಸ ಮಾಡಿದ ಮೇಲೆ ನನಗೆ ಮೂಡಿರುವ ಖಚಿತ ಅಭಿಪ್ರಾಯ. ಬೀಜವನ್ನು ದೂರುವ ಸರದಿ ಕಟ್ಟಕಡೆಯದು.

ಹಾಗೆಂದು ಕಡಿಮೆ ಅಂಕವೆಲ್ಲ ಯಂತ್ರದ ತಪ್ಪೆಂದು ತಿಳಿಯಬಾರದು. ಮೊಳಕೆ ಪ್ರಮಾಣವೂ ಚೈತನ್ಯವೂ ಒಂದೇ ಅಲ್ಲ. ಬೀಜಕ್ಕೆ ಮುಪ್ಪು ಅಡರುತ್ತ ಹೋದಂತೆ ಮೊದಲು ಕುಗ್ಗುವುದು ಮೊಳೆಯುವ ವೇಗ, ಆಮೇಲೆ ಸಸಿಗಳ ಬೆಳವಣಿಗೆ ಮತ್ತು ಏಕರೂಪತೆ. ಮೊಳಕೆಯ ಪ್ರಮಾಣ ಕುಸಿಯುವ ಹೊತ್ತಿಗೆ ಬೀಜದ ಕಸುವು ಎಂದೋ ಸೋರಿ ಹೋಗಿರುತ್ತದೆ. ಚಿತ್ರ ವಿಶ್ಲೇಷಣೆ ಹಿಡಿಯಲು ಯತ್ನಿಸುವುದು ಈ ನಡುವಿನ ಹಂತವನ್ನೇ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 2000ದ ದಶಕದ ಆರಂಭದಲ್ಲಿ ಲೆಟ್ಯೂಸ್ ಮತ್ತು ಸೋಯಾ ಅವರೆಗಾಗಿ ರೂಪುಗೊಂಡ ವ್ಯವಸ್ಥೆಯು 3 ದಿನದ ಸಸಿಗಳನ್ನು ಸ್ಕ್ಯಾನ್ ಮಾಡಿ, ಅವುಗಳ ಉದ್ದವನ್ನೂ ಒಂದಕ್ಕೊಂದು ಎಷ್ಟು ಸಮನಾಗಿವೆ ಎಂಬುದನ್ನೂ ಸೇರಿಸಿ, 0ಯಿಂದ 1000ದ ವರೆಗಿನ ಒಂದು ಅಂಕವನ್ನು ಕೊಡುತ್ತದೆ. ಇದೇ ಮಾದರಿಯ ತಂತ್ರಾಂಶಗಳು ಈಗ ಹಲವಿವೆ. ಅವು ಯಾವುವೂ ಜೀವವನ್ನು ನೇರವಾಗಿ ಅಳೆಯುವುದಿಲ್ಲ. ಹಿನ್ನೆಲೆಯಿಂದ ಬೇರ್ಪಟ್ಟ ಪಿಕ್ಸೆಲ್‌ಗಳನ್ನು ಎಣಿಸಿ, ಆ ಎಣಿಕೆಯಿಂದ ಜೀವದ ಕಸುವನ್ನು ಊಹಿಸುತ್ತವೆ. ಎಣಿಕೆಗೂ ಊಹೆಗೂ ನಡುವಿನ ದಾರಿಯಲ್ಲಿ ಎಲ್ಲಿ ಬೇಕಾದರೂ ತಪ್ಪು ನುಸುಳಬಹುದು.

ಗುಂಡಿ ಮುಟ್ಟುವ ಮುನ್ನ ಮೂರು ಮರುಪರೀಕ್ಷೆ

ಸಂಶಯ ಬಂದ ಕೂಡಲೇ ಹಳೆಯ ಚಿತ್ರದ ಕಡತವನ್ನೇ ಮತ್ತೊಮ್ಮೆ ತಂತ್ರಾಂಶಕ್ಕೆ ಕೊಡಿ. ಉತ್ತರ ಅಕ್ಷರಶಃ ಅದೇ ಬರಬೇಕು. ಬರದಿದ್ದರೆ ಹೊಂದಾಣಿಕೆಗಳನ್ನು ಯಾರೋ ಬದಲಿಸಿದ್ದಾರೆ, ಇಲ್ಲವೇ ವಿಶ್ಲೇಷಿಸಬೇಕಾದ ಚೌಕವನ್ನು ಪ್ರತಿ ಸಲವೂ ಕೈಯಿಂದ ಎಳೆಯಲಾಗುತ್ತಿದೆ, ಅಥವಾ ತಂತ್ರಾಂಶದ ಆವೃತ್ತಿ ಬದಲಾಗಿದೆ. ಇಂಥ ಸಂದರ್ಭದಲ್ಲಿ ಕ್ಯಾಮೆರಾವನ್ನೂ ಬೀಜವನ್ನೂ ಶಂಕಿಸುವ ಅಗತ್ಯವೇ ಇಲ್ಲ.

ಉತ್ತರ ಅದೇ ಬಂದರೆ, ಮೊಳಕೆ ಕಾಗದವನ್ನು ಎತ್ತಿ ಮತ್ತೆ ಇಟ್ಟು, ಅದೇ ಸಸಿಗಳ ಚಿತ್ರವನ್ನು ಮೂರು ಸಲ ತೆಗೆಯಿರಿ. ಮೂರನೆಯ ಸಲ ಕಾಗದವನ್ನು 180 ಡಿಗ್ರಿ ತಿರುಗಿಸಿಡಿ. ಹತ್ತು ನಿಮಿಷದಲ್ಲಿ ಸಸಿಗಳು ಹೇಳಿಕೊಳ್ಳುವಷ್ಟು ಬೆಳೆಯುವುದಿಲ್ಲವಾದ್ದರಿಂದ, ಈ ಮೂರು ಅಂಕಗಳ ನಡುವಿನ ವ್ಯತ್ಯಾಸವೆಲ್ಲವೂ ಬೆಳಕು, ಲೆನ್ಸ್ ಮತ್ತು ಇಡುವಿಕೆಯದ್ದು. ತಿರುಗಿಸಿಟ್ಟಾಗ ಮಾತ್ರ ಅಂಕ ಬದಲಾದರೆ, ಬೆಳಕು ಒಂದು ಬದಿಯಲ್ಲಿ ಹೆಚ್ಚಾಗಿದೆ ಅಥವಾ ಚೌಕಟ್ಟಿನ ಒಂದು ಭಾಗದಲ್ಲಿ ಅಳತೆ ತಪ್ಪಿದೆ ಎಂದು ಬಹುತೇಕ ಖಚಿತವಾಗಿ ಹೇಳಬಹುದು.

ಮೂರನೆಯದು, ಒಂದೇ ಲಾಟಿನ ಬೇರೆ ಬೇರೆ ಪುನರಾವರ್ತನೆಗಳ, ಅಂದರೆ ಪ್ರತ್ಯೇಕವಾಗಿ ಮೊಳಕೆಗೆ ಇಟ್ಟ ಬೀಜಗುಂಪುಗಳ, ನಡುವಿನ ವ್ಯತ್ಯಾಸ. ಇಲ್ಲಿ ಸ್ವಲ್ಪ ಲೆಕ್ಕ ಬೇಕು. ನಿಜವಾದ ಮೊಳಕೆ ಪ್ರಮಾಣ ಶೇ. 90 ಇರುವ ಲಾಟಿನಿಂದ 400 ಬೀಜ ತೆಗೆದುಕೊಂಡರೆ, ಕೇವಲ ಆಯ್ಕೆಯ ಆಕಸ್ಮಿಕದಿಂದಲೇ ಫಲಿತಾಂಶ ಶೇ. 3ರಷ್ಟು ಆಚೀಚೆ ಹೋಗಬಹುದು. 100 ಬೀಜವಾದರೆ ಶೇ. 6ರಷ್ಟು, 50 ಬೀಜವಾದರೆ ಶೇ. 8ಕ್ಕೂ ಹೆಚ್ಚು. 1924ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಬೀಜ ಪರೀಕ್ಷಾ ಸಂಘವು ಮೊಳಕೆ ಪರೀಕ್ಷೆಗೆ 100ರಂತೆ ನಾಲ್ಕು ಪುನರಾವರ್ತನೆಗಳನ್ನು ಕೇಳುವುದಕ್ಕೂ, ಅವುಗಳ ನಡುವೆ ಎಷ್ಟು ಅಂತರವಿರಬಹುದೆಂದು ಕೋಷ್ಟಕ ಕೊಟ್ಟಿರುವುದಕ್ಕೂ ಇದೇ ಕಾರಣ. 50 ಬೀಜದ ಎರಡು ಕಾಗದಗಳಲ್ಲಿ ಒಂದಕ್ಕೆ 92, ಇನ್ನೊಂದಕ್ಕೆ 84 ಬಂದದ್ದನ್ನು ಕಂಡು ಕ್ಯಾಮೆರಾ ಬಿಚ್ಚಲು ಹೋಗುವವರು ಇಲ್ಲದ ದೋಷವನ್ನು ಹುಡುಕುತ್ತಿರುತ್ತಾರೆ.

ಮಾಸ್ಕ್ ನೋಡದೆ ಅಂಕ ನೋಡಬೇಡಿ

ಚಿತ್ರದಲ್ಲಿ ಯಾವ ಪಿಕ್ಸೆಲ್‌ಗಳನ್ನು ಸಸಿಯೆಂದು, ಯಾವುದನ್ನು ಹಿನ್ನೆಲೆಯೆಂದು ತಂತ್ರಾಂಶ ತೀರ್ಮಾನಿಸಿದೆ ಎಂಬುದನ್ನು ತೋರಿಸುವ ಕಪ್ಪು ಬಿಳುಪಿನ ಪದರವನ್ನು ಮಾಸ್ಕ್ ಎನ್ನುತ್ತಾರೆ. ಬಹುಪಾಲು ದೋಷಗಳು ಈ ಪದರದಲ್ಲಿ ಬರಿಗಣ್ಣಿಗೆ ಕಾಣುತ್ತವೆ. ಆದರೂ ಇದನ್ನು ತೆರೆದು ನೋಡುವವರು ಕಡಿಮೆ. ಮಾಸ್ಕನ್ನು ಮೂಲ ಚಿತ್ರದ ಮೇಲೆ ಅರೆಪಾರದರ್ಶಕವಾಗಿ ಹೊದಿಸಿ, ಎಡ ಮೂಲೆಯಿಂದ ಆರಂಭಿಸಿ, ಒಂದೊಂದು ಸಸಿಯನ್ನೂ ಬೇರಿನ ತುದಿಯಿಂದ ಬೀಜದಳದ ವರೆಗೆ ಕಣ್ಣಲ್ಲೇ ಹಿಂಬಾಲಿಸಬೇಕು. ಐದು ನಿಮಿಷದ ಕೆಲಸ ಇದು.

ಅದಕ್ಕೂ ಮೊದಲು ಒಂದು ಸರಳ ಪ್ರಶ್ನೆ: ಇಟ್ಟ ಬೀಜ ಎಷ್ಟು, ತಂತ್ರಾಂಶ ಎಣಿಸಿದ ವಸ್ತು ಎಷ್ಟು? ನಾನು ಕೆಲಸ ಮಾಡಿದ ಒಂದು ಪ್ರಯೋಗಾಲಯದಲ್ಲಿ ಸೋಯಾ ಅವರೆಯ ಒಂದು ಲಾಟಿಗೆ ಸತತವಾಗಿ ಕೆಟ್ಟ ಅಂಕ ಬರುತ್ತಿತ್ತು. ಸಸಿಗಳು ನೋಡಲು ಗಟ್ಟಿಮುಟ್ಟಾಗಿದ್ದವು. ಎರಡು ದಿನ ಬೆಳಕು, ಮಿತಿಮೌಲ್ಯ ಎಲ್ಲವನ್ನೂ ತಡಕಾಡಿದ ಮೇಲೆ, ವರದಿಯ ಮೂಲೆಯಲ್ಲಿದ್ದ ಒಂದು ಸಂಖ್ಯೆ ಕಣ್ಣಿಗೆ ಬಿತ್ತು: ಇಟ್ಟದ್ದು 50 ಬೀಜ, ಎಣಿಕೆಯಾದದ್ದು 61. ಮಾಸ್ಕ್ ತೆರೆದು ನೋಡಿದರೆ, ಬೀಜದಳಗಳಿಂದ ಕಳಚಿ ಬಿದ್ದಿದ್ದ ಸಿಪ್ಪೆಗಳು ಪುಟ್ಟ ಬಟ್ಟಲುಗಳಂತೆ ಕವುಚಿಕೊಂಡು ಕಾಗದದ ಮೇಲೆ ಅಲ್ಲಲ್ಲಿ ಬಿದ್ದಿದ್ದವು. ಒದ್ದೆಯಾದ ತಿಳಿಹಳದಿ ಸಿಪ್ಪೆ, ಗಾತ್ರದಲ್ಲೂ ಬಣ್ಣದಲ್ಲೂ ಮೊಳೆಯದ ಬೀಜದಂತೆಯೇ ಕಾಣುತ್ತಿತ್ತು. ತಂತ್ರಾಂಶವು ಅಂಥ ಹನ್ನೊಂದು ಸಿಪ್ಪೆಗಳನ್ನು ಸತ್ತ ಬೀಜಗಳೆಂದು ಬಗೆದು, ಹನ್ನೊಂದು ಸೊನ್ನೆಗಳನ್ನು ಲೆಕ್ಕಕ್ಕೆ ಸೇರಿಸಿತ್ತು. ಸೊನ್ನೆಗಳು ಸರಾಸರಿ ಉದ್ದವನ್ನು ಇಳಿಸಿದ್ದಕ್ಕಿಂತ ಹೆಚ್ಚಾಗಿ ಏಕರೂಪತೆಯನ್ನು ಹಾಳುಮಾಡಿದ್ದವು. ಚಿತ್ರ ತೆಗೆಯುವ ಮುನ್ನ ಚಿಮುಟದಿಂದ ಸಿಪ್ಪೆಗಳನ್ನು ಎತ್ತಿಹಾಕಿದ್ದಷ್ಟೇ ಪರಿಹಾರ. ಅಂದಿನಿಂದ, ಎಣಿಕೆ ತಾಳೆಯಾಗದ ಚಿತ್ರದ ಅಂಕವನ್ನು ನಾನು ದಾಖಲಿಸಿಕೊಳ್ಳುವುದೇ ಇಲ್ಲ.

ಎಣಿಕೆ ಹೆಚ್ಚಾಗಲು ಬೇರೆ ಕಾರಣಗಳೂ ಇವೆ. ನೀರಿನ ಹನಿಯ ಮೇಲೆ ಬೆಳಕು ಪ್ರತಿಫಲಿಸಿದ ಬಿಳಿ ಚುಕ್ಕೆ, ಕಾಗದದಿಂದ ಎದ್ದ ನಾರು, ಶಿಲೀಂಧ್ರದ ಬಿಳಿ ಎಳೆ, ತೆಳು ಬೇರಿನ ನಡುವೆ ಕೆಲವು ಪಿಕ್ಸೆಲ್ ಬಿಟ್ಟುಹೋಗಿ ಒಂದೇ ಸಸಿ ಎರಡು ತುಂಡಾಗಿ ಕಾಣುವುದು, ಇವೆಲ್ಲವೂ ಸಾಮಾನ್ಯ. ಎಣಿಕೆ ಕಡಿಮೆಯಾದರೆ, ಒಂದಕ್ಕೊಂದು ತಾಗಿಕೊಂಡ ಬೀಜಗಳು ಒಂದೇ ಗುಡ್ಡೆಯಾಗಿ ಕಂಡಿವೆ ಎಂದರ್ಥ. ತಾಗಿಕೊಂಡವನ್ನು ಬಿಡಿಸಲು ಜಲಾನಯನ ಕ್ರಮ, ಅಂದರೆ ವಾಟರ್‌ಶೆಡ್ ವಿಧಾನವನ್ನು ಬಳಸುತ್ತಾರೆ. ಗುಂಡಗಿನ ಬೀಜಗಳಿಗೆ ಅದು ಚೆನ್ನಾಗಿ ಒಗ್ಗುತ್ತದೆ, ಭತ್ತದಂಥ ಉದ್ದ ಕಾಳನ್ನು ಮಾತ್ರ ನಡುವೆಯೇ ಕತ್ತರಿಸಿ ಎರಡು ಮಾಡಿಬಿಡುತ್ತದೆ. ಬೀಜ ಜೋಡಿಸುವಾಗಲೇ ನಡುವೆ ಅಂತರ ಬಿಡುವುದು ಯಾವ ಗಣಿತಕ್ಕಿಂತಲೂ ಮೇಲು.

ಮಾಸ್ಕ್‌ನಲ್ಲಿ ತೆಳು ಬೇರುಗಳು ಪೂರಾ ಮಾಯವಾಗಿದ್ದರೆ, ಮಿತಿಮೌಲ್ಯವನ್ನು ತಂತ್ರಾಂಶ ತಾನಾಗಿ ಆರಿಸುವ ಬಗೆಯನ್ನು ನೋಡಬೇಕು. ನೊಬುಯುಕಿ ಓತ್ಸು 1979ರಲ್ಲಿ ಪ್ರಕಟಿಸಿದ ವಿಧಾನವೇ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. ಚಿತ್ರದ ಹೊಳಪಿನ ನಕ್ಷೆಯಲ್ಲಿ (ಯಾವ ಹೊಳಪಿನ ಪಿಕ್ಸೆಲ್‌ಗಳು ಎಷ್ಟಿವೆ ಎಂದು ತೋರಿಸುವ ರೇಖಾಚಿತ್ರದಲ್ಲಿ) ಹಿನ್ನೆಲೆಗೊಂದು, ವಸ್ತುವಿಗೊಂದು ಎಂಬಂತೆ ಎರಡು ಗುಡ್ಡಗಳಿದ್ದಾಗ ಅದು ಅವೆರಡರ ನಡುವಿನ ಕಣಿವೆಯನ್ನು ಸರಿಯಾಗಿ ಹಿಡಿಯುತ್ತದೆ. ಆದರೆ 1 ಮಿ.ಮೀ. ದಪ್ಪ, 40 ಮಿ.ಮೀ. ಉದ್ದದ 50 ಬೇರುಗಳು ಸೇರಿದರೂ 2,000 ಚದರ ಮಿ.ಮೀ. ಅಷ್ಟೇ, 250 × 200 ಮಿ.ಮೀ. ಕಾಗದದಲ್ಲಿ ಅದು ಶೇ. 4. ಇಷ್ಟು ಪುಟ್ಟ ಗುಡ್ಡ ಹಿನ್ನೆಲೆಯ ದೊಡ್ಡ ಗುಡ್ಡದ ತಪ್ಪಲಿನಲ್ಲಿ ಮುಳುಗಿಹೋಗಿ, ಮಿತಿಮೌಲ್ಯವು ಕಾಗದದ್ದೇ ಎರಡು ಛಾಯೆಗಳ ನಡುವೆ ಹೋಗಿ ನಿಲ್ಲಬಹುದು. ಸಸಿಗೂ ಕಾಗದಕ್ಕೂ ಬಣ್ಣದ ಅಂತರ ಹೆಚ್ಚಿಸುವುದು ಇದಕ್ಕೆ ಮೂಲ ಪರಿಹಾರ. ಬಿಳಿ ಬೇರಿಗೆ ಬಿಳಿ ಕಾಗದ ಹಿನ್ನೆಲೆಯಾಗಬಾರದು. ನೀಲಿ ಅಥವಾ ಕಪ್ಪು ಕಾಗದ ಬಳಸಬೇಕು, ಸಾಧ್ಯವಾಗದಿದ್ದರೆ ಸಸಿಗಳನ್ನು ಕಪ್ಪು ಹಾಳೆಗೆ ವರ್ಗಾಯಿಸಿ ಚಿತ್ರ ತೆಗೆಯಬೇಕು. ನೀಲಿ ಕಾಗದದ ಮೇಲೆ ಕೆಂಪು ವಾಹಿನಿಯನ್ನು (ಬಣ್ಣದ ಚಿತ್ರದ ಕೆಂಪು ಬೆಳಕಿನ ಪದರವನ್ನು) ಮಾತ್ರ ಬಿಡಿಸಿಕೊಂಡು ನೋಡಿದರೆ, ಹಿನ್ನೆಲೆ ಹೆಚ್ಚು ಕಪ್ಪಾಗಿ, ಬೇರು ಎದ್ದು ಕಾಣುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ರೂಪುಗೊಂಡು ಉಚಿತವಾಗಿ ದೊರೆಯುವ ಇಮೇಜ್‌ಜೆ ತಂತ್ರಾಂಶದಲ್ಲಿ ಇದನ್ನು ಒಂದೇ ನಿಮಿಷದಲ್ಲಿ ಪರೀಕ್ಷಿಸಿ ನೋಡಬಹುದು.

ಉದ್ದ ತಪ್ಪಿದಾಗ: ಇಪ್ಪತ್ತು ಸಸಿಗಳ ತಾಳೆಪಟ್ಟಿ

ಮಾಸ್ಕ್ ಸರಿಯಿದ್ದೂ ಉದ್ದ ತಾಳೆಯಾಗದಿದ್ದರೆ, ಗಿಡ್ಡವೂ ಉದ್ದವೂ ಬೆರೆತ ಇಪ್ಪತ್ತು ಸಸಿಗಳನ್ನು ಆರಿಸಿ, ದಾರವನ್ನು ಬೇರಿನ ಗುಂಟ ಹಾಯಿಸಿ ಕೈಯಿಂದ ಅಳೆದು, ಒಂದು ಅಕ್ಷದಲ್ಲಿ ಕೈಯ ಅಳತೆ, ಇನ್ನೊಂದರಲ್ಲಿ ಯಂತ್ರದ ಅಳತೆ ಇಟ್ಟು ಚುಕ್ಕಿನಕ್ಷೆ ಬಿಡಿಸಬೇಕು. ಈ ಒಂದು ನಕ್ಷೆ ಕೊಡುವಷ್ಟು ಸುಳಿವನ್ನು ಬೇರೆ ಯಾವ ಪರೀಕ್ಷೆಯೂ ಕೊಡಲಾರದು.

ಚುಕ್ಕಿಗಳೆಲ್ಲ ಒಂದೇ ಸರಳ ರೇಖೆಯ ಮೇಲಿದ್ದು, ಪ್ರತಿ ಸಸಿಯೂ ಒಂದೇ ಅನುಪಾತದಲ್ಲಿ ಗಿಡ್ಡವಾಗಿ ಕಂಡರೆ, ತಪ್ಪಿರುವುದು ಮಾಪನದ ಪ್ರಮಾಣ. 300 ಡಿಪಿಐನಲ್ಲಿ (ಅಂಗುಲಕ್ಕೆ 300 ಚುಕ್ಕೆಗಳಂತೆ) ಸ್ಕ್ಯಾನ್ ಮಾಡಿದ ಚಿತ್ರದ ಒಂದು ಪಿಕ್ಸೆಲ್ 0.085 ಮಿ.ಮೀ.; 200 ಡಿಪಿಐನಲ್ಲಿ 0.127 ಮಿ.ಮೀ. ಸ್ಕ್ಯಾನರ್ 200ಕ್ಕೆ ಇಳಿದಿದ್ದೂ ತಂತ್ರಾಂಶ ಇನ್ನೂ 300 ಎಂದೇ ನಂಬಿಕೊಂಡಿದ್ದರೆ, 100 ಮಿ.ಮೀ. ಬೇರು 67 ಮಿ.ಮೀ. ಎಂದು ದಾಖಲಾಗುತ್ತದೆ. ಚಿತ್ರವನ್ನು ಮೊಬೈಲ್ ಸಂದೇಶದ ಮೂಲಕ ಕಳಿಸಿ ಇನ್ನೊಂದು ಕಂಪ್ಯೂಟರಿನಲ್ಲಿ ಇಳಿಸಿಕೊಂಡಾಗಲೂ ಇದೇ ಆಗುತ್ತದೆ, ಏಕೆಂದರೆ ಅಂಥ ಸೇವೆಗಳು ಚಿತ್ರವನ್ನು ಸದ್ದಿಲ್ಲದೆ ಕುಗ್ಗಿಸುತ್ತವೆ. ಪ್ರತಿ ಚಿತ್ರದಲ್ಲೂ ಒಂದು ಉಕ್ಕಿನ ಅಳತೆಪಟ್ಟಿ ಇರಲಿ. ಕ್ಯಾಮೆರಾ ಬಳಸುವವರು ಅದನ್ನು ನಡುವಿನಲ್ಲೂ ನಾಲ್ಕು ಮೂಲೆಗಳಲ್ಲೂ ಒಮ್ಮೆ ಇಟ್ಟು ನೋಡಲಿ. ಅಗಲ ಕೋನದ ಲೆನ್ಸ್ ಅಂಚಿನಲ್ಲಿ ಚಿತ್ರವನ್ನು ಬಾಗಿಸುತ್ತದೆ, ಆಗ ಮೂಲೆಯ ಸಸಿಗಳ ಅಳತೆ ನಡುವಿನವುಗಳಿಗಿಂತ ಭಿನ್ನವಾಗುತ್ತದೆ.

ಉದ್ದ ಏನೇ ಇರಲಿ, ಪ್ರತಿ ಸಸಿಯೂ ಒಂದೆರಡು ಮಿ.ಮೀ. ಅಷ್ಟೇ ಗಿಡ್ಡವಾಗಿ ಬಂದರೆ, ಬೇರಿನ ತುದಿ ಕಳೆದುಹೋಗುತ್ತಿದೆ. ತುದಿ ತೆಳುವಾಗಿ, ಅರೆಪಾರದರ್ಶಕವಾಗಿ ಇರುವುದರಿಂದ ಮಿತಿಮೌಲ್ಯದ ಕೆಳಗೆ ಜಾರಿಬಿಡುತ್ತದೆ. ಸಸಿಯ ನಡುಗೆರೆ ಎಳೆಯುವ ಕೆಲವು ಕ್ರಮಗಳು ಎರಡು ತುದಿಗಳಲ್ಲೂ ಸಸಿಯ ಅರ್ಧ ದಪ್ಪದಷ್ಟನ್ನು ಮೊಟಕುಗೊಳಿಸುವುದೂ ಉಂಟು. ಈ ತಪ್ಪು ದೊಡ್ಡ ಸಸಿಯಲ್ಲಿ ಗಮನಕ್ಕೇ ಬಾರದು, 2 ಮಿ.ಮೀ. ಮೊದಲ ಬೇರು ಹೊರಬಂದಿದೆಯೇ ಎಂದು ನೋಡುವ ಪರೀಕ್ಷೆಯಲ್ಲಿ ಮಾತ್ರ ಇದು ಇಡೀ ಫಲಿತಾಂಶವನ್ನೇ ಬುಡಮೇಲು ಮಾಡುತ್ತದೆ.

ಉದ್ದ ಸಸಿಗಳಲ್ಲಿ ಮಾತ್ರ ಚುಕ್ಕಿಗಳು ಚದುರಿದ್ದರೆ, ಬೇರುಗಳು ಒಂದರ ಮೇಲೊಂದು ಹಾಯ್ದಿವೆ ಅಥವಾ ಚೌಕಟ್ಟಿನಿಂದ ಹೊರಗೆ ಹೋಗಿವೆ. ಬೀಜಗಳನ್ನಿಟ್ಟು ಸುತ್ತಿದ ಮೊಳಕೆ ಕಾಗದದ ಸುರುಳಿಯನ್ನು ಮಲಗಿಸಿಟ್ಟಾಗ ಬೇರುಗಳು ದಿಕ್ಕುಗೆಟ್ಟು ಸುತ್ತಿಕೊಳ್ಳುತ್ತವೆ. ನೆಟ್ಟಗೆ ನಿಲ್ಲಿಸಿದರೆ ಗುರುತ್ವದ ಸೆಳೆತಕ್ಕೆ ನೇರವಾಗಿ ಕೆಳಗಿಳಿಯುತ್ತವೆ. ಹಾಗಾಗಿ ಹೆಣೆದುಕೊಂಡ ಬೇರುಗಳನ್ನು ತಂತ್ರಾಂಶದಿಂದ ಬಿಡಿಸಲು ಹೆಣಗುವ ಬದಲು, ಸುರುಳಿಯನ್ನು ನಿಲ್ಲಿಸುವುದೇ ಸರಿಯಾದ ದಾರಿ. ಸಸಿಗಳು 3 ದಿನದ್ದಾಗಿರುವಾಗಲೇ ಚಿತ್ರ ತೆಗೆಯುವುದಕ್ಕೂ ಇದೇ ಕಾರಣ.

ಚುಕ್ಕಿಗಳು ಗೊತ್ತುಗುರಿಯಿಲ್ಲದೆ ಚದುರಿದ್ದು, ಓರೆಯಾಗಿ ಬೆಳೆದವು ಗಿಡ್ಡವಾಗಿ, ನೇರವಾದವು ಸರಿಯಾಗಿ ಬಂದಿದ್ದರೆ, ತಂತ್ರಾಂಶ ಕರ್ಣದ ದೂರವನ್ನು ಲೆಕ್ಕಕ್ಕೆ ಹಿಡಿಯುತ್ತಿಲ್ಲ. ಎರಡು ಪಿಕ್ಸೆಲ್‌ಗಳು ಮೂಲೆಗೆ ಮೂಲೆ ತಾಗಿದ್ದರೆ ಅವುಗಳ ಅಂತರ 1 ಅಲ್ಲ, 1.41, ಇದನ್ನು ಮರೆತು ಬರೇ ಪಿಕ್ಸೆಲ್ ಎಣಿಸಿದರೆ, 45 ಡಿಗ್ರಿ ಓರೆಯಾದ 100 ಮಿ.ಮೀ. ಬೇರು 71 ಮಿ.ಮೀ. ಆಗಿ ತೋರುತ್ತದೆ. ಸರಿಯಾಗಿ 100 ಮಿ.ಮೀ. ಕತ್ತರಿಸಿದ ತೆಳು ತಂತಿಯನ್ನು ಅಡ್ಡಕ್ಕೆ, ಉದ್ದಕ್ಕೆ, ಓರೆಯಾಗಿ ಇಟ್ಟು ಮೂರು ಚಿತ್ರ ತೆಗೆದರೆ ಈ ದೋಷ ಇದೆಯೋ ಇಲ್ಲವೋ ಎಂಬುದು ಅಲ್ಲೇ ಇತ್ಯರ್ಥವಾಗುತ್ತದೆ. ಯಂತ್ರದ ಅಳತೆ ಕೈಯ ಅಳತೆಗಿಂತ ಹೆಚ್ಚಾಗಿ ಬರುವ ಅಪರೂಪದ ಸಂದರ್ಭದಲ್ಲಿ ಬೇರುರೋಮಗಳನ್ನು ನೋಡಿ. ನಡುಗೆರೆಯಿಂದ ಕವಲೊಡೆದ ಒಂದೊಂದು ರೋಮದ ಗೊಂಚಲನ್ನೂ ತಂತ್ರಾಂಶ ಬೇರೆಂದು ಕೂಡಿಸಿರುತ್ತದೆ.

ಇಲ್ಲಿಯೇ ಸೂಚ್ಯಂಕದ ಲೆಕ್ಕವನ್ನೂ ಒಮ್ಮೆ ಪರಿಶೀಲಿಸಬೇಕು. ಅಬ್ದುಲ್-ಬಾಕಿ ಮತ್ತು ಆಂಡರ್ಸನ್ 1973ರಲ್ಲಿ ಮುಂದಿಟ್ಟ ಸಸಿ ಚೈತನ್ಯ ಸೂಚ್ಯಂಕದಲ್ಲಿ ಶೇಕಡಾ ಮೊಳಕೆಯನ್ನು ಸಸಿಯ ಸರಾಸರಿ ಉದ್ದದಿಂದ ಗುಣಿಸಲಾಗುತ್ತದೆ. ಮೊಳಕೆ ಶೇ. 90, ಸರಾಸರಿ 8 ಸೆಂ.ಮೀ. ಇರುವ ಲಾಟಿಗೆ 720, ಮೊಳಕೆ ಶೇ. 60, ಸರಾಸರಿ 8.2 ಸೆಂ.ಮೀ. ಇರುವ ಲಾಟಿಗೆ 492. ಆದರೆ ತಂತ್ರಾಂಶವು ಮೊಳೆತವುಗಳ ಸರಾಸರಿಯನ್ನಷ್ಟೇ ಚೈತನ್ಯವೆಂದು ತೋರಿಸಿದರೆ ಎರಡನೆಯ ಲಾಟೇ ಮೇಲೆಂದು ಕಾಣುತ್ತದೆ. ಮೊಳೆಯದ ಬೀಜದ ಸೊನ್ನೆಯನ್ನು ಸರಾಸರಿಗೆ ಸೇರಿಸಲಾಗಿದೆಯೇ, ಸೇರಿಸಿದ ಮೇಲೆ ಮತ್ತೆ ಶೇಕಡಾ ಮೊಳಕೆಯಿಂದ ಗುಣಿಸಿ ಅದೇ ಶಿಕ್ಷೆಯನ್ನು ಎರಡು ಸಲ ವಿಧಿಸಲಾಗಿದೆಯೇ ಎಂಬುದನ್ನು ಕೈಪಿಡಿಯಲ್ಲಿ ಓದಿ ತಿಳಿಯುವುದಕ್ಕಿಂತ, ಐದು ಸಸಿಗಳ ಚಿತ್ರವೊಂದನ್ನು ಕೊಟ್ಟು ಕೈಯಲ್ಲಿ ಲೆಕ್ಕ ಹಾಕಿ ನೋಡುವುದು ಲೇಸು.

ಬೆಳಕು, ಮಂಜು ಮತ್ತು ಕಡತ

ಕ್ಯಾಮೆರಾದ ಸ್ವಯಂಚಾಲಿತ ಹೊಂದಾಣಿಕೆಗಳೆಲ್ಲವನ್ನೂ ನಿಲ್ಲಿಸಿಡಿ. ಕ್ಯಾಮೆರಾ ತಾನಾಗಿ ಬೆಳಕನ್ನು ಹೊಂದಿಸಿಕೊಳ್ಳುವಂತಿದ್ದರೆ, ಸಸಿ ಕಡಿಮೆ ಇರುವ ಕಪ್ಪು ಕಾಗದವನ್ನು ಅದು ಹೆಚ್ಚು ಬೆಳಗಿಸುತ್ತದೆ, ಸಸಿ ತುಂಬಿರುವ ಕಾಗದವನ್ನು ಮಬ್ಬಾಗಿಸುತ್ತದೆ. ಅಂದರೆ ಬೀಜದ ಗುಣವೇ ಅಳತೆಗೋಲನ್ನು ಬದಲಿಸುತ್ತಿರುತ್ತದೆ. ಒಂದೇ ಚಿತ್ರದಲ್ಲಿ ಅಡ್ಡಡ್ಡ ಪಟ್ಟಿಗಳು ಕಂಡರೆ ವಿದ್ಯುತ್ ದೀಪದ ಮಿನುಗು ಕಾರಣ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ದೀಪ ಸೆಕೆಂಡಿಗೆ 100 ಸಲ ಮಿನುಗುವುದರಿಂದ, ಶಟರ್ ಅವಧಿಯನ್ನು ಒಂದು ಸೆಕೆಂಡಿನ 100ನೇ ಒಂದು ಭಾಗ ಅಥವಾ 50ನೇ ಒಂದು ಭಾಗಕ್ಕೆ ಇಟ್ಟರೆ ಪಟ್ಟಿಗಳು ಮಾಯವಾಗುತ್ತವೆ.

ಸ್ಕ್ಯಾನರ್ ಕೊಳ್ಳುವಾಗ ಗಮನಿಸದ ಒಂದು ಸಂಗತಿ ಆಮೇಲೆ ತುಂಬಾ ಕಾಡುತ್ತದೆ. ತೆಳ್ಳಗಿನ, ಹಗುರವಾದ ಸ್ಕ್ಯಾನರ್‌ಗಳಲ್ಲಿ ಇರುವುದು ಸಂಪರ್ಕ ಬಗೆಯ ಸಂವೇದಕ. ಅದು ಗಾಜಿಗೆ ತಾಗಿದ್ದನ್ನು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ, ಕೆಲವೇ ಮಿ.ಮೀ. ಮೇಲಿದ್ದರೂ ಮಸುಕಾಗಿಸುತ್ತದೆ. ಸೋಯಾ ಅವರೆಯ ಬೀಜದಳ ಗಾಜಿಗೆ ತಾಗಿದ್ದು, ಬೇರು ಅದರಿಂದ ಮೇಲೆ ತೂಗುತ್ತಿದ್ದರೆ ಬೇರು ಮಸುಕಾಗಿ ಮಾಸ್ಕ್‌ನಿಂದ ಜಾರುತ್ತದೆ. ಒಳಗೆ ಲೆನ್ಸ್ ಮತ್ತು ಕನ್ನಡಿಗಳಿರುವ ಸಿಸಿಡಿ ಬಗೆಯ ದಪ್ಪ ಸ್ಕ್ಯಾನರ್ ಈ ಕೆಲಸಕ್ಕೆ ತಕ್ಕದ್ದು.

ಮೊಳಕೆ ತಟ್ಟೆಯನ್ನು ಮುಚ್ಚಳ ಸಮೇತ ಚಿತ್ರ ತೆಗೆಯುವವರು ಮುಚ್ಚಳದ ಒಳಮೈಯ ಹಬೆಯನ್ನು ನೋಡಬೇಕು. ಮೊದಲ ತಟ್ಟೆ ಚೆನ್ನಾಗಿ ಬಂದು, ಕಾಯುತ್ತ ಕುಳಿತ ತಟ್ಟೆಗಳು ಕ್ರಮೇಣ ಮಸುಕಾಗುತ್ತ ಹೋದರೆ ಕಾರಣ ಬೇರೆ ಹುಡುಕಬೇಕಿಲ್ಲ. ಚಿತ್ರಗಳನ್ನು ಟಿಫ್ ಅಥವಾ ಪಿಎನ್‌ಜಿ ಕಡತವಾಗಿ ಇಡಿ. ಜೆಪೆಗ್ ಕಡತದಲ್ಲಿ ಬಣ್ಣದ ವಿವರವನ್ನು ಹೊಳಪಿನ ವಿವರಕ್ಕಿಂತ ಹೆಚ್ಚು ಒರಟಾಗಿ ಉಳಿಸಲಾಗುತ್ತದೆ, ಹೀಗಾಗಿ ಬಣ್ಣದ ಆಧಾರದ ಮೇಲೆ ಬೇರ್ಪಡಿಸುವ ತೆಳು ಬೇರಿನ ಅಂಚುಗಳು ಕದಡಿಹೋಗುತ್ತವೆ.

ಚಿತ್ರ ಸರಿ, ಅಳತೆ ಸರಿ, ಆದರೂ ಅಂಕ ಕಡಿಮೆ

ಈಗ ಮೊಳಕೆಗೆ ಇಟ್ಟ ಬಗೆಯನ್ನು ನೋಡಬೇಕು, ಏಕೆಂದರೆ ಸಸಿಯ ಉದ್ದವು ಬೀಜದ ಕಸುವನ್ನು ಹೇಳುವಷ್ಟೇ ಮೊಳಕೆ ಪೆಟ್ಟಿಗೆಯ ಉಷ್ಣತೆಯನ್ನೂ ಹೇಳುತ್ತದೆ. ಮೊಳಕೆ ಪ್ರಮಾಣದ ಪರೀಕ್ಷೆಯಲ್ಲಿ ಒಂದೆರಡು ಡಿಗ್ರಿ ವ್ಯತ್ಯಾಸವಾದರೆ ಮೊಳೆಯುವ ಬೀಜ ಒಂದು ದಿನ ತಡವಾಗಿಯಾದರೂ ಮೊಳೆಯುತ್ತದೆ, ಅಂತಿಮ ಎಣಿಕೆಗೆ ಬಾಧೆಯಿಲ್ಲ; 3ನೇ ದಿನಕ್ಕೆ ಉದ್ದ ಅಳೆಯುವ ಪರೀಕ್ಷೆಗೆ ಆ ಸೌಲಭ್ಯವಿಲ್ಲ. ಪೆಟ್ಟಿಗೆಯ ಪರದೆ ತೋರಿಸುವ ಉಷ್ಣತೆಯನ್ನು ನಂಬದೆ, ಮೇಲಿನ, ನಡುವಿನ, ಕೆಳಗಿನ ಹಲಗೆಗಳಲ್ಲಿ ಕಾಗದದ ಸುರುಳಿಯೊಳಗೇ ಉಷ್ಣತಾಮಾಪಕ ಇಟ್ಟು ನೋಡಬೇಕು. ಒಂದು ಲಾಟಿನ ನಾಲ್ಕು ಪುನರಾವರ್ತನೆಗಳನ್ನು ಒಂದೇ ಹಲಗೆಯಲ್ಲಿ ಇಡುವುದು ನಾನು ಕಂಡ ಅತಿ ಸಾಮಾನ್ಯ ತಪ್ಪು. ಹಾಗೆ ಇಟ್ಟಾಗ ಹಲಗೆಯ ದೋಷ ಲಾಟಿನ ದೋಷವಾಗಿ ವೇಷ ಹಾಕಿಕೊಳ್ಳುತ್ತದೆ.

ಸಮಯವೂ ಅಷ್ಟೇ ಮುಖ್ಯ. ಮೆಕ್ಕೆಜೋಳದ ಮೊದಲ ಬೇರಿನ ಪರೀಕ್ಷೆಯಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 66 ಗಂಟೆಗೆ ಎಣಿಸಬೇಕೆಂದು ನಿಯಮ ಗಂಟೆಯ ಲೆಕ್ಕದಲ್ಲಿ ಹೇಳಿರುವುದು ಸುಮ್ಮನೆ ಅಲ್ಲ. ಬೆಚ್ಚಗಿನ ಸ್ಥಿತಿಯಲ್ಲಿ ಮೆಕ್ಕೆಜೋಳದ ಬೇರು ಗಂಟೆಗೆ ಒಂದು ಮಿ.ಮೀ.ಗೂ ಹೆಚ್ಚು ಬೆಳೆಯಬಲ್ಲದು. ಬೆಳಿಗ್ಗೆ ಸ್ಕ್ಯಾನ್ ಮಾಡಿದ ಮೊದಲ ಕಾಗದಕ್ಕೂ ಊಟದ ನಂತರ ಮಾಡಿದ ಕೊನೆಯ ಕಾಗದಕ್ಕೂ ಮೂರು ಗಂಟೆಯ ಅಂತರವಿದ್ದರೆ, ಸರದಿಯಲ್ಲಿ ಕೊನೆಗೆ ಬಂದ ಲಾಟು ತಾನಾಗಿ ಬಲಶಾಲಿಯಾಗುತ್ತದೆ. ಅಂಕಗಳನ್ನು ಲಾಟಿನ ಕ್ರಮದಲ್ಲಿ ನೋಡದೆ ಸ್ಕ್ಯಾನ್ ಮಾಡಿದ ಹೊತ್ತಿನ ಕ್ರಮದಲ್ಲಿ ಜೋಡಿಸಿ ನೋಡಿ. ಅವು ಮೆಟ್ಟಿಲಿನಂತೆ ಏರುತ್ತಿದ್ದರೆ ದೋಷ ಸಿಕ್ಕಿತು.

ಗಂಟೆಗೊಂದು ಚಿತ್ರ ತೆಗೆದು ಮೊಳೆಯುವ ವೇಗ ಅಳೆಯುವವರು ಇನ್ನೊಂದನ್ನು ನೆನಪಿಡಬೇಕು: ಚಿತ್ರ ತೆಗೆಯುವ ಬೆಳಕೇ ಕೆಲವು ಬೀಜಗಳನ್ನು ಎಬ್ಬಿಸುತ್ತದೆ. ಲೆಟ್ಯೂಸ್ ಬೀಜವು ಕೆಂಪು ಬೆಳಕಿಗೆ ಮೊಳೆಯುತ್ತದೆ, ದೂರಗೆಂಪು ಬೆಳಕಿಗೆ ಮತ್ತೆ ತಡೆಹಿಡಿದುಕೊಳ್ಳುತ್ತದೆ ಎಂಬುದನ್ನು ಅಮೆರಿಕದ ಬೆಲ್ಟ್ಸ್‌ವಿಲ್ ಸಂಶೋಧನಾ ಕೇಂದ್ರದಲ್ಲಿ ಬಾರ್ತ್‌ವಿಕ್ ಮತ್ತು ಸಂಗಡಿಗರು 1952ರಲ್ಲೇ ತೋರಿಸಿದ್ದಾರೆ. ಅಂಥ ಬೆಳೆಗಳಲ್ಲಿ ಕತ್ತಲಲ್ಲೇ ಇಟ್ಟು ಕೊನೆಗೊಮ್ಮೆ ಮಾತ್ರ ಎಣಿಸುವ ಒಂದು ಜೊತೆ ತಟ್ಟೆ ಇರಲೇಬೇಕು. ಎರಡರ ಮೊಳಕೆ ಪ್ರಮಾಣ ಬೇರೆ ಬೇರೆ ಬಂದರೆ ನೀವು ಅಳೆದದ್ದು ಬೀಜವನ್ನಲ್ಲ, ನಿಮ್ಮ ದೀಪವನ್ನು.

ಮೊಳೆಯದೆ ಉಳಿದವೆಲ್ಲ ಸತ್ತ ಬೀಜಗಳಲ್ಲ. ದ್ವಿದಳ ಬೆಳೆಗಳಲ್ಲಿ ನೀರನ್ನೇ ಹೀರದ ಗಟ್ಟಿಬೀಜಗಳಿರುತ್ತವೆ. ಇವನ್ನು ಗುರುತಿಸಲು ಚಿತ್ರವೇ ನೆರವಾಗುತ್ತದೆ: ಒಣಗಿದ್ದಾಗಿನ ಚಿತ್ರಕ್ಕೂ ನೀರಿಗೆ ಒಡ್ಡಿ 24 ಗಂಟೆಯಾದ ಮೇಲಿನ ಚಿತ್ರಕ್ಕೂ ಬೀಜದ ವಿಸ್ತೀರ್ಣ ಬದಲಾಗದಿದ್ದರೆ ಅದು ಉಬ್ಬಿಲ್ಲ, ಅಂದರೆ ನೀರು ಒಳಗೆ ಹೋಗಿಲ್ಲ. ಉಬ್ಬಿಯೂ ಮೊಳೆಯದ, ಕೊಳೆಯದ, ಗಟ್ಟಿಯಾಗಿಯೇ ಇರುವ ಬೀಜ ಸುಪ್ತಾವಸ್ಥೆಯಲ್ಲಿದೆಯೋ ಸತ್ತಿದೆಯೋ ಎಂಬುದನ್ನು ಸಾಧಾರಣ ಕ್ಯಾಮೆರಾ ಹೇಳಲಾರದು. ಅದಕ್ಕೆ ಟೆಟ್ರಜೋಲಿಯಂ ಪರೀಕ್ಷೆಯೇ ಬೇಕು. ಜೀವಂತ ಅಂಗಾಂಶದಲ್ಲಿ ಉಸಿರಾಟ ನಡೆದಿದ್ದರೆ ಬಣ್ಣವಿಲ್ಲದ ಆ ದ್ರಾವಣ ಕೆಂಪು ಫಾರ್ಮಜಾನ್ ಆಗಿ ಬದಲಾಗುತ್ತದೆ.

ಒಣ ಬೀಜದ ಚಿತ್ರದಿಂದಲೇ ತೀರ್ಪು ಕೊಡುವ ಮಾದರಿಗಳು

ಬೀಜವನ್ನು ಮೊಳೆಯಿಸದೆಯೇ, ಬಣ್ಣ, ಆಕಾರ, ಬಿರುಕು ನೋಡಿ ಚೈತನ್ಯವನ್ನು ಮುನ್ಸೂಚಿಸುವ ಕಂಪ್ಯೂಟರ್ ಮಾದರಿಗಳು ಈಗ ಹೆಚ್ಚುತ್ತಿವೆ. ತಯಾರಿಸಿದವರ ಮೇಜಿನ ಮೇಲೆ ಇವು ಬಹಳ ನಿಖರವಾಗಿ ಕೆಲಸ ಮಾಡಿ, ಬೇರೆ ಲಾಟು ಕೊಟ್ಟ ಕೂಡಲೇ ಕುಸಿದುಬೀಳುವುದು ಇಲ್ಲಿನ ಪ್ರಮುಖ ದೋಷ. ಒಂದೇ ಲಾಟಿನ ಬೀಜಗಳನ್ನು ಕಲಿಕೆಗೂ ಪರೀಕ್ಷೆಗೂ ಹಂಚಿದ್ದರೆ, ಮಾದರಿಯು ಕಲಿತದ್ದು ಚೈತನ್ಯವನ್ನಲ್ಲ, ಆ ಲಾಟಿನ ಮೈಬಣ್ಣವನ್ನು. ಹೊಸ ಬೀಜಗಳ ಚಿತ್ರಗಳನ್ನೆಲ್ಲ ಒಂದು ದಿನ, ಹಳೆಯವನ್ನೆಲ್ಲ ಇನ್ನೊಂದು ದಿನ ತೆಗೆದಿದ್ದರೆ ಅದು ಆ ದಿನದ ಬೆಳಕನ್ನು ಕಲಿತಿರುತ್ತದೆ. ಬೀಜದ ಭಾಗವನ್ನು ಮುಚ್ಚಿ ಬರೇ ಹಿನ್ನೆಲೆಯನ್ನು ಮಾದರಿಗೆ ತೋರಿಸಿ. ಆಗಲೂ ಅದು ಹಳತು ಹೊಸತನ್ನು ಸರಿಯಾಗಿ ಬೇರ್ಪಡಿಸಿದರೆ ಆ ಮಾದರಿಯನ್ನು ಪಕ್ಕಕ್ಕಿಡಬೇಕು. ಲಾಟುಗಳನ್ನೇ ಇಡಿಯಾಗಿ ಬೇರ್ಪಡಿಸಿ, ಕಲಿಕೆಯಲ್ಲಿ ಕಾಣದ ಲಾಟುಗಳ ಮೇಲೆ ಮಾತ್ರ ಪರೀಕ್ಷಿಸುವುದು ಇದಕ್ಕಿರುವ ಒಂದೇ ಪ್ರಾಮಾಣಿಕ ಮದ್ದು.

ಬಣ್ಣ ಲೇಪಿಸಿದ ಉಪಚರಿತ ಬೀಜವನ್ನು ಇಂಥ ಮಾದರಿಗೆ ಕೊಡಲೇಬಾರದು. ಹೆಚ್ಚು ಉಷ್ಣತೆಯಲ್ಲಿ ಒಣಗಿಸಿ ಸತ್ತ ಬೀಜವೂ ಮೇಲ್ನೋಟಕ್ಕೆ ಜೀವಂತ ಬೀಜದಂತೆಯೇ ಇರಬಹುದು ಎಂಬುದನ್ನೂ ಮರೆಯಬಾರದು. ಒಳಗಿನ ಪೊಳ್ಳು ಮತ್ತು ಕೀಟದ ಹಾನಿಯನ್ನು ಕ್ಷಕಿರಣ ಚಿತ್ರ ಚೆನ್ನಾಗಿ ತೋರಿಸುತ್ತದೆ, ಆದರೆ ಜೀವ ಇದೆಯೇ ಎಂಬ ಪ್ರಶ್ನೆಗೆ ಅದೂ ನೇರವಾಗಿ ಉತ್ತರಿಸುವುದಿಲ್ಲ.

ಬೀಜದ ಸರದಿ

ಈ ಎಲ್ಲ ಹಂತಗಳನ್ನು ದಾಟಿದ ಮೇಲೂ ಅಂಕ ಕೆಳಗೇ ಇದ್ದರೆ, ಜೊತೆಗೆ ಇಟ್ಟ ಆಧಾರ ಲಾಟಿನ ಅಂಕವನ್ನು ನೋಡಿ. ಚೈತನ್ಯ ಚೆನ್ನಾಗಿರುವ ಒಂದು ಲಾಟನ್ನು ತೇವ ತಾಗದ ಪೊಟ್ಟಣಗಳಲ್ಲಿ ಕಟ್ಟಿ, ತಂಪಿನಲ್ಲಿ ಇಟ್ಟು, ಪ್ರತಿ ಪರೀಕ್ಷೆಯಲ್ಲೂ ಒಂದು ಪೊಟ್ಟಣ ಒಡೆದು ಬಳಸುವ ಅಭ್ಯಾಸವಿದ್ದರೆ, ಪರೀಕ್ಷೆ ಕೆಟ್ಟಿದೆಯೋ ಲಾಟು ಕೆಟ್ಟಿದೆಯೋ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಆಧಾರ ಲಾಟೂ ಕುಸಿದಿದ್ದರೆ ಮತ್ತೆ ಮೊದಲಿನಿಂದ ಹುಡುಕಬೇಕು. ಅದು ತನ್ನ ಎಂದಿನ ಮಟ್ಟದಲ್ಲಿದ್ದು, ಸಂಶಯದ ಲಾಟು ಮಾತ್ರ ಕೆಳಗಿದ್ದರೆ, ಚಿತ್ರವನ್ನೇ ಅವಲಂಬಿಸದ ಇನ್ನೊಂದು ಚೈತನ್ಯ ಪರೀಕ್ಷೆಯಿಂದ ದೃಢಪಡಿಸಿಕೊಳ್ಳಬೇಕು. ಸೋಯಾ ಅವರೆಯಾದರೆ 41 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತೇವ ತುಂಬಿದ ಗಾಳಿಯಲ್ಲಿ 72 ಗಂಟೆ ಇಟ್ಟು ಆಮೇಲೆ ಮೊಳೆಯಿಸುವ ತ್ವರಿತ ಮುಪ್ಪಿನ ಪರೀಕ್ಷೆ. ಬಟಾಣಿಯಾದರೆ 50 ಬೀಜಗಳನ್ನು 250 ಮಿ.ಲೀ. ಶುದ್ಧ ನೀರಿನಲ್ಲಿ 20 ಡಿಗ್ರಿಯಲ್ಲಿ 24 ಗಂಟೆ ನೆನೆಸಿ, ಸೋರಿದ ಲವಣಗಳನ್ನು ವಿದ್ಯುತ್ ವಾಹಕತೆಯಿಂದ ಅಳೆಯುವ ಪರೀಕ್ಷೆ. ಅದೂ ಕೆಳಮಟ್ಟವನ್ನೇ ತೋರಿಸಿದರೆ ಅಂಕವನ್ನು ಹಾಗೆಯೇ ವರದಿ ಮಾಡಿ. ಮೂಲ ಚಿತ್ರ, ಮಾಸ್ಕ್, ಸ್ಕ್ಯಾನ್ ಮಾಡಿದ ಹೊತ್ತು, ಡಿಪಿಐ ಮತ್ತು ಬಳಸಿದ ಮಿತಿಮೌಲ್ಯವನ್ನು ಅದೇ ಲಾಟಿನ ಸಂಖ್ಯೆಯಡಿ ಸೇರಿಸಿಡಿ.